ಥಂಡಿರಾಯರ ಧ್ರುವಯಾತ್ರೆ

ನನ್ನ ಭಾವ ದಕ್ಷಿಣ ಧ್ರುವದ ಸೀಮೆಯಲ್ಲಿ ಪಾದ ಊರಿದರು ಎಂದು ಬರೆದರೆ ಸುಳ್ಳಾಗುತ್ತದೆ. ಪೃಥ್ವಿಯ ಆ ತುದಿಯಲ್ಲಿ ಅವರು ಮೊದಲು ಊರಿದ್ದು ಪೃಷ್ಠವನ್ನು.

ರಬ್ಬರ್ ದೋಣಿ ದಡಕ್ಕೆ ತಾಗಿತ್ತು. ಹಡಗಿನವರು ಕೊಟ್ಟಿದ್ದ ಮೊಣಕಾಲುದ್ದದ ಬೂಟು ಭಾವನ ಕಾಲಿಗೆ ದೊಡ್ಡದು. ಬೂಟು ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು, ಕಾಲು ಮಾತ್ರ ಮುಂದಕ್ಕೆ ಹೋಗಲು ನೋಡಿತು, ಭಾವ ಧೊಪ್ಪನೆ ಹಿಂದಕ್ಕೆ ಕೂತುಬಿಟ್ಟರು. ಕೂತದ್ದು ಬೆಳ್ಳನೆಯ ಹಿಮದ ಮೇಲಾಗಿದ್ದರೆ ಫೋಟೋವಾದರೂ ಚೆನ್ನಾಗಿ ಬರುತ್ತಿತ್ತು. ಕೂತದ್ದು ಪೆಂಗ್ವಿನ್ ಹಿಕ್ಕೆಯ ಮೇಲೆ. ಸೀಗಡಿ ತಿಂದು ತಿಂದು ಆ ಹಕ್ಕಿಗಳ ಹಿಕ್ಕೆ ಗುಲಾಬಿ ಬಣ್ಣಕ್ಕಿರುತ್ತದೆ. ಬಣ್ಣ ಗುಲಾಬಿ ಅಂದಮಾತ್ರಕ್ಕೆ ವಾಸನೆ ಗುಲಾಬಿಯದಲ್ಲ.

ಎರಡು ಮಾರು ದೂರದಲ್ಲಿ ನನ್ನ ಅಕ್ಕ ನಿಂತಿದ್ದಳು. ಕೈ ಚಾಚಿದ್ದರೆ ಸಾಕಿತ್ತು. ಅವಳು ಗಂಡನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

"ಏಳೋಕೆ ಹೇಳೇ ಅವರಿಗೆ."

ನಾನು ಸಮುದ್ರ ನೋಡಿದೆ. ಹೇಳಕೂಡದು ಎಂದು ಆಣೆ ಹಾಕಿ ಬಂದವಳು ನಾನು. ಆ ಆಣೆಯ ವಿಷಯ ಆಮೇಲೆ ಹೇಳುತ್ತೇನೆ. ಅಕ್ಕ ಒಂದು ಗಳಿಗೆ ಕಾದಳು. ಅಷ್ಟರಲ್ಲಿ ತನ್ನ ಪಾಡಿಗೆ ತಾನು ಹೊರಟಿದ್ದ ಒಂದು ಪೆಂಗ್ವಿನ್ ಇವರಿಬ್ಬರ ನಡುವೆ ಬಂದು ನಿಂತಿತು.

"ನೀನಾದ್ರೂ ಹೇಳಪ್ಪ," ಅಂದಳು ಅಕ್ಕ ಅದಕ್ಕೆ. "ಎಲ್ಲರೂ ನೋಡ್ತಿದ್ದಾರೆ, ಏಳ್ಬೇಕಂತೆ ಅಂತ."

ಪೆಂಗ್ವಿನ್ ಭಾವನ ಕಡೆ ಕತ್ತು ತಿರುಗಿಸಿತು. ಭಾವ ಕೂತಲ್ಲಿಂದಲೇ, ಅಷ್ಟೇ ಗಂಭೀರವಾಗಿ, ಅದಕ್ಕೇ ಉತ್ತರ ಕೊಟ್ಟರು. "ಬೂಟು ಸಿಕ್ಕಾಕ್ಕೊಂಡಿದೆ ಅಂತ ಹೇಳಪ್ಪ."

ಹಕ್ಕಿ ಒಮ್ಮೆ ಇವರನ್ನು ನೋಡಿತು, ಒಮ್ಮೆ ಅವಳನ್ನು ನೋಡಿತು, ರೆಕ್ಕೆ ಕೊಡವಿ ನಡೆದೇಬಿಟ್ಟಿತು. ನಮ್ಮ ಮನೆಯಲ್ಲಿ ಯಾರಿಗೂ ಬಾರದ ಬುದ್ಧಿ ಅದಕ್ಕೆ ಒಂದೇ ಸಲಕ್ಕೆ ಬಂದಿತ್ತು.

ಭಾವ ಫ್ರಿಜ್ ರಿಪೇರಿ ಮಾಡುವವರು. ಊರಿನವರ ಬಾಯಲ್ಲಿ ಥಂಡಿರಾಯ. ಅಂಗಡಿ ಅಂದರೆ ಎರಡು ಕಟ್ಟಡಗಳ ನಡುವಿನ ಓಣಿಗೆ ತಗಡು ಹೊದಿಸಿದ ಜಾಗ. ಒಳಗೆ ಗೋಡೆಯುದ್ದಕ್ಕೂ ಫ್ರಿಜ್‌ಗಳು ಆಸ್ಪತ್ರೆಯ ಸಾಲಿನಲ್ಲಿ ನಿಂತ ರೋಗಿಗಳ ಹಾಗೆ, ಕೆಲವು ಬಾಗಿಲು ಕಳಚಿಕೊಂಡು, ಕೆಲವು ಬೆನ್ನು ಬಿಚ್ಚಿಕೊಂಡು. ಭಾವ ಯಾವುದನ್ನೂ ನೇರವಾಗಿ ಬಿಚ್ಚುವವರಲ್ಲ. ಮೊದಲು ಅಂಗೈಯ ಹಿಂಬದಿಯನ್ನು ಅದರ ಮೈಗೆ ಇಟ್ಟು ಜ್ವರ ನೋಡುವ ಹಾಗೆ ನೋಡುತ್ತಾರೆ. ಆಮೇಲೆ ಒಂದು ಚೂರು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ, ಬಾಗಿಲು ಹಾಕಿ, ಮೆಲ್ಲಗೆ ಎಳೆಯುತ್ತಾರೆ. ಕಾಗದ ಬಿಗಿಯಾಗಿ ಬಂದರೆ ಸರಿ. ಜಾರಿ ಬಂದರೆ ಎರಡೇ ಮಾತು: "ಹಿಡಿತ ಇಲ್ಲ." ಬಾಗಿಲ ಅಂಚಿನ ರಬ್ಬರು ಸವೆದಿದೆ, ತಂಪು ಸೋರುತ್ತಿದೆ ಎಂದು ಅದರರ್ಥ. ಗಿರಾಕಿ ಇನ್ನೂ ನಾಲ್ಕು ಮಾತು ನಿರೀಕ್ಷಿಸಿ ನಿಂತೇ ಇರುತ್ತಾನೆ. ಬರುವುದಿಲ್ಲ. ಭಾವನ ಮಾತೂ ಕಂಪ್ರೆಸರ್ ಇದ್ದ ಹಾಗೆ. ತುಸು ಗುಂಯ್‌ಗುಡುತ್ತದೆ, ಕಟ್ ಆಗುತ್ತದೆ.

ಆದರೆ ಮದುವೆಯಾದ ಹೊಸದರಲ್ಲಿ ಅವರು ಮನೆಗೆ ಬಂದು ಅಕ್ಕನಿಗೆ ಮಾತ್ರ ಕತೆ ಹೇಳುತ್ತಿದ್ದರು. ಯಾರ ಮನೆಯ ಫ್ರಿಜ್‌ನಲ್ಲಿ ಏನು ಸಿಕ್ಕಿತು ಎಂಬುದೇ ಕತೆ. ಒಬ್ಬ ವಕೀಲರು ಕನ್ನಡಕ ಫ್ರಿಜ್‌ನಲ್ಲಿಟ್ಟು ಊರೆಲ್ಲ ಹುಡುಕಿದ್ದು. ಒಬ್ಬ ಅಜ್ಜಿ ಸೊಸೆಗೆ ಸಿಗದಿರಲಿ ಎಂದು ಬೀರುವಿನ ಬೀಗದಕೈಯನ್ನು ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ್ದು. ಅಕ್ಕ ತಟ್ಟೆ ತೊಳೆಯುವುದನ್ನು ಬಿಟ್ಟು ನಗುತ್ತಿದ್ದಳು. "ರೀ, ಸಾಕು, ಹೊಟ್ಟೆ ನೋಯ್ತಿದೆ," ಅನ್ನುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡ ನಗು ಅದು, ಆದ್ದರಿಂದ ಇತ್ತು ಎಂದು ಸಾಕ್ಷಿ ಹೇಳಬಲ್ಲೆ.

ನಮ್ಮ ಅಪ್ಪ ತೀರಿಕೊಂಡ ದಿನ ಅದು ನಿಂತಿತು.

ಅಣ್ಣ ದೂರದಿಂದ ಬರಬೇಕಿತ್ತು. ಅಲ್ಲಿಯತನಕ ಇರಲಿ ಎಂದು ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆಯೊಂದನ್ನು ಬಾಡಿಗೆಗೆ ತಂದು ಅಪ್ಪನನ್ನು ಅದರಲ್ಲಿ ಮಲಗಿಸಿದ್ದರು. ಅಕ್ಕ ಗಾಜಿಗೆ ಹಣೆ ಒತ್ತಿ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ಸದ್ದು ನಿಂತುಹೋಯಿತು. ಅಳುವವರು ಯಾರಿಗೂ ಗೊತ್ತಾಗಲಿಲ್ಲ. ಬಾಗಿಲ ಬಳಿ ಏನು ಮಾಡಬೇಕೋ ತಿಳಿಯದೆ ಕೈಕಟ್ಟಿ ನಿಂತಿದ್ದ ಭಾವನಿಗೆ ಗೊತ್ತಾಯಿತು. ಎದ್ದೆನೋ ಬಿದ್ದೆನೋ ಎಂದು ಅಂಗಡಿಗೆ ಓಡಿ ಚೀಲ ತಂದರು, ತೋಳು ಮಡಚಿದರು, ಪೆಟ್ಟಿಗೆಯಡಿ ತೂರಿಕೊಂಡರು. ನಮ್ಮ ಸೋದರತ್ತೆಗೆ, "ಅತ್ತೆ, ಸ್ವಲ್ಪ ಆ ಕಡೆ ಕೂತ್ಕೊಂಡು ಅಳ್ತೀರಾ? ಬೆಳಕು ಬೀಳ್ತಿಲ್ಲ," ಅಂದರು. ಸ್ಪ್ಯಾನರ್ ಸದ್ದು, ಮೂಗು ಸೀಟುವ ಸದ್ದು, ಒಂದರ ಮೇಲೊಂದು. ಕೊನೆಗೆ ಪೆಟ್ಟಿಗೆ ಮತ್ತೆ ಗುಂಯ್ ಎಂದಿತು. ಭಾವ ಎದ್ದು ಕೈ ಒರೆಸಿಕೊಂಡರು. ಇಡೀ ದಿನ ಉಪಯೋಗಕ್ಕೆ ಬಾರದೆ ನಿಂತಿದ್ದ ಮನುಷ್ಯನ ಮುಖದಲ್ಲಿ ಬೆಳಕು ಬಂದಿತ್ತು.

"ಇನ್ನು ಚಿಂತೆ ಇಲ್ಲ! ಒಂದು ವಾರ ಬೇಕಾದ್ರೂ ಇಟ್ಕೋಬಹುದು!"

ಅಕ್ಕ ಗಾಜಿನಿಂದ ತಲೆ ಎತ್ತಿ, ಪಕ್ಕದಲ್ಲಿದ್ದ ಮಗಳಿಗೆ ಹೇಳಿದಳು: "ನಿಮ್ಮಪ್ಪನಿಗೆ ಆಚೆ ಹೋಗೋಕೆ ಹೇಳು."

ಮಗಳು ಆಗಿನ್ನೂ ಪ್ರೈಮರಿ ಶಾಲೆಯ ಹುಡುಗಿ. "ಅಪ್ಪ, ಆಚೆ ಹೋಗ್ಬೇಕಂತೆ," ಅಂದಳು. ಭಾವ ಆಚೆ ಹೋದರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ನಾವೂ ಹಾಗೇ ಅಂದುಕೊಂಡೆವು. ಇವರು ಉಂಡರು, ಮಲಗಿದರು, ಎದ್ದರು, ಮಗಳು ದೊಡ್ಡವಳಾದಳು, ಕಾಲೇಜು ಮುಗಿಸಿದಳು, ಜಗಳ ಮುಗಿಯಲಿಲ್ಲ. ಜಗಳ ಅನ್ನುವುದಕ್ಕೂ ಅದು ಜಗಳವಲ್ಲ. ಜಗಳಕ್ಕೆ ಮಾತು ಬೇಕು. ಆ ಮನೆಯ ಮಾತುಕತೆಯಲ್ಲಿ ಮಾತು ಹೋಗಿ ಕತೆ ಮಾತ್ರ ಉಳಿದಿತ್ತು. "ಊಟಕ್ಕೆ ಬರಬೇಕಂತೆ." "ಹಸಿವಿಲ್ಲವಂತೆ." "ಹಾಗಾದ್ರೆ ಮಾಡಿದ್ದನ್ನ ಯಾರು ತಿನ್ನಬೇಕಂತೆ?" ಎಲ್ಲವೂ ಮಗಳ ಬಾಯಿಂದ. ಬೇರೆಯವರ ಸಂಸಾರ ಸಾರದ ಮೇಲೆ ನಡೆಯುತ್ತದೋ ಏನೋ, ಇವರದ್ದು 'ಅಂತೆ' ಮೇಲೆ ನಡೆಯಿತು.

ಭಾವ ಕ್ಷಮೆ ಕೇಳಲಿಲ್ಲವೇ ಅಂದರೆ, ಕೇಳಿದರು. ಮಗಳ ಕೈಲಿ ಕೇಳಿಸಿದರು.

"ಅಮ್ಮ, ಅಪ್ಪ ಸಾರಿ ಅಂತೆ."

"ಯಾರಿಗಂತೆ, ಕೇಳು."

"ಅಪ್ಪ, ಯಾರಿಗಂತೆ?"

ಮಾತಿನ ಏಟು ಅದು. ಭಾವ ಅದನ್ನು ನಿಜವಾದ ಪ್ರಶ್ನೆ ಅಂದುಕೊಂಡರು. ಹೆಂಡತಿಗೋ, ಮಾವನಿಗೋ, ಪಕ್ಕಕ್ಕೆ ಸರಿದು ಅತ್ತ ಸೋದರತ್ತೆಗೋ? "ಯೋಚನೆ ಮಾಡಿ ಹೇಳ್ತೀನಿ ಅಂತ ಹೇಳು," ಅಂದರಂತೆ. ಇವತ್ತಿಗೂ ಯೋಚನೆ ಮಾಡುತ್ತಿದ್ದಾರೆ.

ಮಗಳು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲಾದರೂ ದಾರಿಗೆ ಬರುತ್ತಾರೆ ಅಂದುಕೊಂಡರೆ, ಫೋನು ಬಂತು. ಒಂದೇ ಕೋಣೆಯಲ್ಲಿ, ಒಂದೇ ಟಿವಿಯ ಮುಂದೆ ಕೂತು, ಅಕ್ಕ ಮಗಳಿಗೆ ಫೋನ್ ಮಾಡಿ, "ಟಿವಿ ಸಣ್ಣದು ಮಾಡೋಕೆ ಹೇಳು" ಅನ್ನುತ್ತಾಳೆ. ಮಗಳು ಅಪ್ಪನಿಗೆ ಫೋನ್ ಮಾಡುತ್ತಾಳೆ. ಭಾವ ಟಿವಿ ಸಣ್ಣದು ಮಾಡುತ್ತಾರೆ. ಈ ಏರ್ಪಾಡಿಗೂ ಎಲ್ಲರೂ ಒಗ್ಗಿಹೋಗಿದ್ದರು. ಕೆಟ್ಟದ್ದು ಏನಾಯಿತೆಂದರೆ, ರಜೆಗೆ ಬಂದ ಮೊಮ್ಮಗಳು ಒಂದು ಬೆಳಿಗ್ಗೆ ಕುಣಿಯುತ್ತ ಹಜಾರಕ್ಕೆ ಬಂದು, "ತಾತ, ಹಾಲು ಆರ್ತಿದೆಯಂತೆ!" ಅಂದಳು. ಇನ್ನೂ ಸರಿಯಾಗಿ ಮಾತು ಕಲಿಯದ ಮಗು ಈ ಕೆಲಸವನ್ನು ಚೊಕ್ಕವಾಗಿ ಕಲಿತಿತ್ತು. ನನ್ನ ಅಕ್ಕನ ಮಗಳು ಆವತ್ತು ಅತ್ತ ಹಾಗೆ ತನ್ನ ತಾತ ಸತ್ತಾಗಲೂ ಅತ್ತಿರಲಿಲ್ಲ.

"ಚಿಕ್ಕಮ್ಮ, ನನ್ನ ಬಾಲ್ಯ ತಿಂದಿದ್ದು ಸಾಕು. ಇವಳದ್ದೂ ಬೇಕಾ? ಇನ್ಮೇಲೆ ನಾನು ಫೋನ್ ಎತ್ತಲ್ಲ, ಮಗೂನೂ ಕರ್ಕೊಂಡು ಬರಲ್ಲ. ಅವರಿಬ್ಬರೇ ಒಂದು ಮಾತು, ಒಂದೇ ಒಂದು ಮಾತು ನೇರವಾಗಿ ಆಡೋ ತನಕ."

ಅವಳು ಕೆಲಸ ಮಾಡುವುದು ಪ್ರವಾಸದ ಕಂಪನಿಯೊಂದರಲ್ಲಿ. ಧ್ರುವದ ಕಡೆ ಹೋಗುವ ಹಡಗಿನಲ್ಲಿ ಎರಡು ಕೋಣೆ ಮಾರಾಟವಾಗದೆ ಉಳಿದಿದ್ದವು, ನೌಕರರ ಮನೆಯವರು ಹೋಗಬಹುದಿತ್ತು. ಅವಳ ಲೆಕ್ಕಾಚಾರ ಸರಳ: ಅಲ್ಲಿ ಫೋನ್ ಸಿಗ್ನಲ್ ಇಲ್ಲ, ಓಡಿಹೋಗಿ ಕೂರಲು ಅಂಗಡಿಯಿಲ್ಲ, ಪಕ್ಕದ ಮನೆಯಿಲ್ಲ. ಸುತ್ತ ನೀರು, ನಡುವೆ ಒಂದು ಕೋಣೆ, ಕೋಣೆಯಲ್ಲಿ ಇವರಿಬ್ಬರೇ. ಫ್ರಿಜ್ ರಿಪೇರಿಯವರನ್ನು ಹಿಮ ನೋಡಲು ಕಳಿಸುವುದು ಮೀನುಗಾರನಿಗೆ ಮೀನಿನ ಉಡುಗೊರೆ ಕೊಟ್ಟ ಹಾಗಾಗಲ್ಲವೇನೇ ಎಂದು ನಾನು ಕೇಳಿದೆ. "ಹಿಮಕ್ಕಲ್ಲ ಚಿಕ್ಕಮ್ಮ, ಬೇರೆ ದಾರಿ ಇಲ್ಲದೇ ಇರೋದಕ್ಕೆ," ಅಂದಳು.

ಆದರೆ ಅಕ್ಕ ನನ್ನನ್ನು ತೋರಿಸಿ, "ಇವಳು ಬಂದ್ರೆ ಬರ್ತೀನಿ" ಅಂದಳು. ಭಾವನೂ, ನನ್ನ ಮೂಲಕವೇ, ಅದನ್ನೇ ಅಂದರು. ಎಷ್ಟೋ ವರ್ಷಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ವಿಷಯ ನಾನು. ಹೀಗೆ ಎರಡನೇ ಕೋಣೆ ನನ್ನದಾಯಿತು. ಹೊರಡುವ ಮೊದಲು ಅಕ್ಕನ ಮಗಳು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿದಳು. ಏನೇ ಆಗಲಿ, ಈ ಕಡೆಯ ಮಾತು ಆ ಕಡೆ ದಾಟಿಸಬಾರದು.

ದಾರಿಯ ಕಡಲು ಒರಟು. ಹಡಗು ಮೊರದಲ್ಲಿ ಅಕ್ಕಿ ಕೇರಿದ ಹಾಗೆ ನಮ್ಮನ್ನು ಕೇರಿತು. ನಾನು ಗೋಡೆ ಹಿಡಿದುಕೊಂಡು ಅವರ ಕೋಣೆಗೆ ಹೋಗಿ ನೋಡಿದರೆ, ಅಕ್ಕ ಮಂಚದ ಅಂಚಿನಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದಾಳೆ, ಭಾವ ನೆಲದ ಮೇಲೆ ಕೂತು ಕಾಗದದ ಚೀಲ ಹಿಡಿದಿದ್ದಾರೆ. ಒದ್ದೆ ಬಟ್ಟೆಯಲ್ಲಿ ಅವಳ ಬಾಯಿ ಒರೆಸಿದರು. ಅಂಗೈಯ ಹಿಂಬದಿಯನ್ನು ಅವಳ ಹಣೆಗಿಟ್ಟು ನೋಡಿದರು, ಫ್ರಿಜ್‌ಗೆ ಇಡುವ ಹಾಗೆಯೇ. ಅಕ್ಕನ ಕೈ ಅವರ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ನಾನು ಸದ್ದಿಲ್ಲದೆ ಬಾಗಿಲೆಳೆದುಕೊಂಡು ಬಂದೆ. ಮೊದಲ ಬಾರಿಗೆ ನನಗೆ ಆಸೆ ಹುಟ್ಟಿದ್ದು ಆಗ.

ಕಡಲು ಶಾಂತವಾದ ಬೆಳಿಗ್ಗೆ ಅಕ್ಕ ತಿಂಡಿಯ ಮೇಜಿಗೆ ಬಂದು ನನ್ನ ಪಕ್ಕ ಕೂತಳು. "ಬಟ್ಟೆ ಒಗೆದು ಹಾಕಿದ್ದು ಒಣಗಿದೆ ಅಂತ ಹೇಳು ಅವರಿಗೆ." ಭಾವ ಎದುರಿಗೇ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಕಾಗದ ಜಾರಿ ಕೈಗೆ ಬಂದಿತ್ತು. ಹಿಡಿತ ಇಲ್ಲ.

ನಾನು ಮೂಕಿಯಾದ ಮೇಲೆ ಅವರು ಬೇರೆ ಬೇರೆ ದಾರಿ ಹುಡುಕಿದರು. ನಮ್ಮ ಭಾಷೆಯ ಒಂದಕ್ಷರ ಗೊತ್ತಿಲ್ಲದ ಬಡಿಸುವವನಿಗೆ, "ಅವರಿಗೆ ಸೂಪು ಬಿಸಿ ಇರ್ಬೇಕು ಕಣಪ್ಪ," ಅಂದಳು ಅಕ್ಕ. ಅವನು ನಕ್ಕು ಅವಳಿಗೇ ಇನ್ನೊಂದು ಸೂಪು ತಂದ. ಕೋಣೆಯೊಳಗೆ ಕನ್ನಡಿ ಇತ್ತು, ಒಂದು ಪುಟ್ಟ ಫ್ರಿಜ್ಜೂ ಇತ್ತು. ಅವುಗಳ ಜೊತೆ ಯಾರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಆಮೇಲೆ ಆ ದಡ, ಆ ಬೂಟು, ಆ ಪೆಂಗ್ವಿನ್.

ಹೊರಗಿನ ಲೋಕವನ್ನು ವರ್ಣಿಸಲು ನನಗೆ ಬರುವುದಿಲ್ಲ. ಬೆಟ್ಟದಷ್ಟು ಹಿಮದ ತುಂಡು ನೀರಿನಲ್ಲಿ ತೇಲಿ ಬಂದಾಗ, ಅದರ ಬಿರುಕಿನೊಳಗೆ ನೀಲಿ ಹೊಳೆದಾಗ, ಡೆಕ್ಕಿನ ಮೇಲಿದ್ದವರು ಆಹಾ ಅಂದರು, ಕೆಲವರು ಅತ್ತರು. ತಿಮಿಂಗಿಲವೊಂದು ಹಡಗಿನ ಪಕ್ಕದಲ್ಲೇ ಉಸಿರುಬಿಟ್ಟು, ಬಾಲ ಎತ್ತಿ ಮುಳುಗಿತು. ಭಾವ ಕಂಬಿ ಹಿಡಿದು ತುಂಬ ಹೊತ್ತು ನೋಡಿದರು.

"ಹೇಗಿದೆ ಭಾವ?"

"ಎಷ್ಟು ದೊಡ್ಡ ಫ್ರಿಜ್ಜು," ಅಂದರು. "ಒಳಗೆ ಇಡೋಕೆ ಏನೂ ಇಲ್ಲ."

ಮರುಪ್ರಯಾಣಕ್ಕೆ ಮೊದಲು ಒಂದು ಕೊನೆಯ ದೋಣಿ ಸುತ್ತು ಇತ್ತು. ಇಳಿಯುವುದಿಲ್ಲ, ಹಿಮದ ತುಂಡುಗಳ ನಡುವೆ ತೇಲಿ ಬರುವುದು ಅಷ್ಟೆ. ನಾನು ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟೆ. ಅಕ್ಕ ಕೆಂಪು ಜಾಕೀಟು ತೊಟ್ಟು, ಮಗಳು ಹೆಣೆದುಕೊಟ್ಟ ಹಳದಿ ಟೋಪಿ ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಳು.

"ಏಳೇ."

"ಹೊಟ್ಟೆ ತೊಳಸ್ತಿದೆ ಅಕ್ಕ."

"ಸಮುದ್ರ ತಟ್ಟೆ ಹಾಗಿದೆ. ನಿನ್ನ ಹೊಟ್ಟೇಲಿ ಎಲ್ಲಿಂದ ಬಂತು ಅಲೆ? ನಾಟಕ ಆಡ್ಬೇಡ, ನಿನ್ನ ಮುಖ ನಾನು ತೊಟ್ಟಿಲಿಂದ ನೋಡಿದೀನಿ."

"ಅಕ್ಕ, ಊರಿಗೆ ಹೋದ್ಮೇಲೆ ಅವಳು ಫೋನ್ ಎತ್ತಲ್ಲ. ಮಗೂನೂ ಕಳಿಸಲ್ಲ. ಅವಳ ಹಟ ನಿನಗೆ ಗೊತ್ತು, ನಿನ್ನದೇ ಅದು."

ಅಕ್ಕ ಜಾಕೀಟಿನ ಜಿಪ್ಪನ್ನು ಮೇಲಕ್ಕೆಳೆದಳು, ಕೆಳಕ್ಕೆಳೆದಳು. ಆಮೇಲೆ ನನ್ನ ಮಂಚದ ತುದಿಯಲ್ಲಿ ಕೂತಳು.

"ಏನಂತ ಶುರು ಮಾಡೋದೇ?" ಅಂದಳು. ಧ್ವನಿ ಸಣ್ಣಗಾಗಿತ್ತು. "ಕೋಪ ಯಾವಾಗಲೋ ಹೋಯ್ತು ಕಣೇ. ಅಭ್ಯಾಸ ಹೋಗಿಲ್ಲ. ಅವರ ಮುಖ ನೋಡಿದ್ರೆ ನಾಲಿಗೆ ಅಂಟ್ಕೊಂಡುಬಿಡುತ್ತೆ."

"ಏನಾದ್ರೂ ಕೇಳು. ಚಳಿ ಆಗ್ತಿದ್ಯಾ ಅಂತ ಕೇಳು."

"ಇಲ್ಲಿಗೆ ಬಂದು ಚಳಿ ಆಗ್ತಿದ್ಯಾ ಅಂತ ಕೇಳೋದಾ!" ಅಕ್ಕ ನಕ್ಕಳು. ತಟ್ಟೆ ತೊಳೆಯುವುದನ್ನು ಬಿಟ್ಟು ನಗುತ್ತಿದ್ದವಳ ನಗು ಅದು, ತುಸು ತುಕ್ಕು ಹಿಡಿದಿತ್ತು. ಎದ್ದು ಹೋದಳು.

ನಾನು ಡೆಕ್ಕಿಗೆ ಓಡಿ, ಯಾರದೋ ದುರ್ಬೀನು ಕೇಳಿ ಪಡೆದೆ. ದೋಣಿಗಳ ತುಂಬ ಕೆಂಪು ಜಾಕೀಟುಗಳು. ಹಳದಿ ಟೋಪಿ ಸಿಕ್ಕಿತು. ಅದರ ಪಕ್ಕದಲ್ಲಿ ಭಾವನ ಹಸಿರು ಟೋಪಿ. ದೋಣಿ ಒಂದು ಹಿಮದ ಹಲಗೆಯ ಹತ್ತಿರ ನಿಂತಿತು. ಹಲಗೆಯ ಮೇಲೆ ಸೀಲ್ ಒಂದು ಮೂಟೆಯ ಹಾಗೆ ಮಲಗಿತ್ತು. ಎಲ್ಲ ಟೋಪಿಗಳೂ ಸೀಲ್ ಕಡೆ ತಿರುಗಿದವು. ಹಳದಿ ಟೋಪಿ ಮಾತ್ರ ತಿರುಗಲಿಲ್ಲ. ಅದು ಹಸಿರಿನ ಕಡೆ ತಿರುಗಿತು. ಹಸಿರು, ನಿಧಾನಕ್ಕೆ, ಹಳದಿಯ ಕಡೆ ತಿರುಗಿತು. ಅಷ್ಟರಲ್ಲಿ ನನ್ನ ಉಸಿರಿಗೆ ದುರ್ಬೀನಿನ ಗಾಜು ಮಂಜಾಯಿತು. ನಾನು ಅಳುತ್ತಿದ್ದೆ ಅಂತಲೂ ಹೇಳಬಹುದು.

ಅವರು ವಾಪಸು ಬಂದಾಗ ನಾನು ಚಹಾ ಕೊಡುವ ಹಜಾರದಲ್ಲಿ ಕಾದಿದ್ದೆ. ಅಕ್ಕ ಬರಲಿಲ್ಲ, ನೇರ ಕೋಣೆಗೆ ಹೋದಳಂತೆ. ಭಾವ ಒಬ್ಬರೇ ಬಂದು ಎದುರು ಕೂತರು. ಮೂಗಿನ ತುದಿ ಕೆಂಪಗಿತ್ತು. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಕುಡಿಯಲಿಲ್ಲ.

"ಅವಳು ಮಾತಾಡಿಸಿದಳು," ಅಂದರು.

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

"ಎಂಜಿನ್ ನಿಲ್ಲಿಸಿದ್ರು ನೋಡು, ಆಗ. ನನ್ನ ಕಡೆ ತಿರುಗಿ, 'ರೀ' ಅಂದಳು." ಆ ಒಂದಕ್ಷರವನ್ನು ಭಾವ ಬಿಸಿ ತುತ್ತಿನ ಹಾಗೆ ಬಾಯಲ್ಲೇ ಒಂದು ಸುತ್ತು ತಿರುಗಿಸಿದರು. "'ರೀ, ಅವತ್ತು...' ಅಂದಳು. ಅಷ್ಟು ಹೊತ್ತಿಗೆ ಆ ದೋಣಿಯ ಗಡ್ಡದವನು ತುಟಿ ಮೇಲೆ ಬೆರಳಿಟ್ಟುಬಿಟ್ಟ. ಎಲ್ಲರೂ ಸುಮ್ಮನಿರಬೇಕಂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಬಾರದಂತೆ. ಅದೊಂದು ಪದ್ಧತಿಯಂತೆ ಇಲ್ಲಿ, ಮೌನ ಕೇಳೋದು. ಅದಕ್ಕೇ ಜನ ಅಷ್ಟು ದೂರದಿಂದ ಬರೋದಂತೆ."

"ಮೌನಾನಾ?" ಅಂದೆ. ನಮ್ಮ ಮನೆಯಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು.

"ಚಿಟಪಟ ಅಂತ ಸದ್ದು ಬರುತ್ತೆ, ನೀರಲ್ಲಿರೋ ಹಿಮದಿಂದ. ಒಳಗೆ ಹಳೇ ಗಾಳಿ ಸಿಕ್ಕಾಕ್ಕೊಂಡಿರುತ್ತಂತೆ, ಯಾವ ಕಾಲದ್ದೋ. ಕರಗುವಾಗ ಹೊರಗೆ ಬರುತ್ತೆ." ಕಪ್ಪನ್ನು ಮೇಜಿನ ಮೇಲಿಟ್ಟರು. "ಚೆನ್ನಾಗಿತ್ತು."

"ಆಮೇಲೆ?"

"ಆಮೇಲೆ ಎಂಜಿನ್ ಹಾಕಿದ. ಅವಳು ಸೀಲ್ ನೋಡ್ತಾ ಇದ್ದಳು."

"ಭಾವ, ಅವತ್ತು ಅಂತ ಏನೋ ಹೇಳೋಕೆ ಬಂದಿದ್ದಳಲ್ಲ! ಏನದು ಅಂತ ನೀವು ಕೇಳಬಾರದಿತ್ತಾ?"

ಭಾವ ನನ್ನನ್ನೇ ನೋಡಿದರು. ಆ ನೋಟದಲ್ಲಿ ಸ್ವಲ್ಪ ಆಕ್ಷೇಪಣೆಯೂ ಇತ್ತು.

"ಕೇಳೋಣ ಅಂತಾನೇ ಇದ್ದೆ ಕಣಮ್ಮ," ಅಂದರು. "ಯಾರ ಕೈಲಿ ಕೇಳಿಸೋದು? ನೀನು ಬಂದಿರಲಿಲ್ವಲ್ಲ."